ಹಿಮದೊಳಗಣ ಅಗ್ಗಿಷ್ಟಿಕೆ

ಅಗ್ನಿಗೂ ಶೀತಕ್ಕೂ ಹುಟ್ಟುವೈರವೆಂದೂ ಒಂದಿರುವೆಡೆಯಲ್ಲಿ ಮತ್ತೊಂದಕ್ಕೆ ತಾವಿಲ್ಲವೆಂದೂ, ಆಗುಂಬೆಯ ಸೀಮೆಯ ಮಳೆಗಾಲಗಳಲ್ಲಿ ಬಚ್ಚಲೊಲೆಯ ಮುಂದೆ ಕುಳಿತು ಬೆಳೆದ ನಾನು ಬಹುಕಾಲ ನಂಬಿಕೊಂಡಿದ್ದೆನು. ಮಗನ ಸಂಸಾರದ ನಿಮಿತ್ತ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ಚಳಿಗಾಲವನ್ನು ಕಳೆಯುವ ಯೋಗ ವೃದ್ಧಾಪ್ಯದಲ್ಲಿ ಒದಗಿ, ಮೊಣಕಾಲುದ್ದದ ಹಿಮದ ನಡುವೆ ಇದ್ದಿಲಿನ ಒಲೆಯೊಂದು ನಿಶ್ಚಿಂತವಾಗಿ ಉರಿಯುವುದನ್ನು ಕಣ್ಣಾರೆ ಕಂಡ ಮೇಲೆ ಆ ನಂಬಿಕೆ ಮೆಲ್ಲನೆ ಸಡಿಲವಾಯಿತು. ಬೆಂಕಿಯು ಚಳಿಯಲ್ಲಿ ಸುಖವಾಗಿಯೇ ಇರಬಲ್ಲುದು. ಕಷ್ಟವೆಲ್ಲ ಅದರ ಪಕ್ಕದಲ್ಲಿ ನಿಂತವನದು.

ಅಲ್ಲಿನ ಚಳಿಯನ್ನು ನಮ್ಮ ಮಾಗಿಯ ಅಳತೆಗೋಲಿನಿಂದ ಅಳೆಯಹೊರಡುವುದು ವ್ಯರ್ಥ. ನಮ್ಮಲ್ಲಿ ಮಾಗಿಯೆಂದರೆ ಅವರೆಕಾಯಿಯ ಸೊಗಡು, ಮುಂಜಾವದ ಮಂಜು, ಹೆಗಲ ಮೇಲೊಂದು ಶಾಲು. ಹೊತ್ತು ಮಾರುದ್ದ ಏರಿತೆಂದರೆ ಶಾಲು ಗೂಟವನ್ನು ಸೇರುತ್ತದೆ. ಮಿನಿಯಾಪೊಲಿಸಿನಲ್ಲಿ ಡಿಸೆಂಬರಿನ ಸೂರ್ಯನು ಸಂಜೆ ನಾಲ್ಕೂವರೆಗೆಲ್ಲ ಅಸ್ತಂಗತನಾಗುವನು. ಸರೋವರಗಳು ಗಡ್ಡೆಕಟ್ಟಿ, ಅವುಗಳ ಮೇಲೆ ಜನರು ವಾಹನಗಳನ್ನು ಓಡಿಸಿಕೊಂಡು ಹೋಗಿ, ಪುಟ್ಟ ಗುಡಿಸಲುಗಳನ್ನು ನಿಲ್ಲಿಸಿ, ಮಂಜುಗಡ್ಡೆಗೆ ರಂಧ್ರ ಕೊರೆದು ಗಾಳ ಹಾಕಿ ಕೂರುವರು. 2019ರ ಜನವರಿ 30ರಂದು ಆ ಪಟ್ಟಣದ ಉಷ್ಣತೆ ಶೂನ್ಯದ ಕೆಳಗೆ 33 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ಇನ್ನೂ ಬಡಗಲಲ್ಲಿರುವ ಟವರ್ ಎಂಬ ಸಣ್ಣ ಊರಿನ ಬಳಿ 1996ರ ಫೆಬ್ರವರಿ 2ರಂದು ದಾಖಲಾದ ಶೂನ್ಯದ ಕೆಳಗಣ 51 ಡಿಗ್ರಿಯೇ ಆ ಸಂಸ್ಥಾನದ ಪರಮಾವಧಿ. ಈ ಸಂಖ್ಯೆಗಳನ್ನು ಅಲ್ಲಿನವರು ಉಚ್ಚರಿಸುವಾಗ ಅವರ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಮಿಗಿಲಾಗಿರುವುದನ್ನು ನಾನು ಗಮನಿಸಿದ್ದೇನೆ.

ಈ ಹೆಮ್ಮೆಗೆ ಒಂದು ಇತಿಹಾಸವೂ ಇದೆ. ನ್ಯೂಯಾರ್ಕಿನ ಪತ್ರಕರ್ತನೊಬ್ಬನು ನೆರೆಯ ಸೇಂಟ್ ಪಾಲ್ ನಗರವನ್ನು ಮತ್ತೊಂದು ಸೈಬೀರಿಯವೆಂದೂ ಚಳಿಗಾಲದಲ್ಲಿ ಮನುಷ್ಯವಾಸಕ್ಕೆ ಅಯೋಗ್ಯವೆಂದೂ ಹಳಿದನಂತೆ. ಅದಕ್ಕೆ ಪ್ರತ್ಯುತ್ತರವಾಗಿ ಆ ಊರಿನವರು 1886ರಲ್ಲಿ ಮಂಜುಗಡ್ಡೆಯ ಇಟ್ಟಿಗೆಗಳಿಂದ ಅರಮನೆಯೊಂದನ್ನು ಕಟ್ಟಿ ಚಳಿಗಾಲದ ಉತ್ಸವವನ್ನೇ ಆರಂಭಿಸಿಬಿಟ್ಟರು. ಅದು ಈಗಲೂ ನಡೆಯುತ್ತಿದೆ. ಅದರ ಕಥಾನಕದಲ್ಲಿ ಗಾಳಿಗಳ ಅರಸನಾದ ಬೋರಿಯಸನು ವಿಜೃಂಭಣೆಯಿಂದ ಆಳುತ್ತಿರಲಾಗಿ, ಅಗ್ನಿಯ ಅಧಿಪತಿಯಾದ ವಲ್ಕನನು ಕೆಂಪುಡುಗೆಯ ಪರಿವಾರದೊಂದಿಗೆ ಹಳೆಯ ಕಾಲದ ಅಗ್ನಿಶಾಮಕ ಬಂಡಿಯನ್ನೇರಿ ಬಂದು ಅವನನ್ನು ಪದಚ್ಯುತಗೊಳಿಸುತ್ತಾನೆ. ಬೆಂಕಿಯನ್ನು ಹೊತ್ತಿಸಬೇಕಾದವನು ಬೆಂಕಿಯಾರಿಸುವ ಬಂಡಿಯಲ್ಲಿ ಬರುವ ಈ ವಿನೋದವನ್ನು ಯೋಜಿಸಿದವರು ಬುದ್ಧಿವಂತರೇ ಸರಿ. ಇಂಥ ಜನರ ನಡುವೆ, ಜನವರಿಯ ಮಧ್ಯದಲ್ಲಿ ಹಿತ್ತಲಿನಲ್ಲಿ ಇದ್ದಿಲು ಹೊತ್ತಿಸುವವನನ್ನು ಯಾರೂ ಹುಚ್ಚನೆನ್ನುವುದಿಲ್ಲ. ಬೇಲಿಯಾಚೆಯಿಂದ ಕೈಬೀಸಿ, ಏನು ಸುಡುತ್ತಿರುವಿರೆಂದು ವಿಚಾರಿಸಿಕೊಂಡು ಮುನ್ನಡೆಯುತ್ತಾರೆ.

ಮಗನ ಹಿತ್ತಲಿನ ಮರದ ಜಗಲಿಯ ಮೇಲೆ ಸ್ಥಾಪಿತವಾಗಿರುವ ಆ ಒಲೆಯು ಸುಟ್ಟ ಮಣ್ಣಿನದು, ಅಂದರೆ ಸೆರಾಮಿಕ್ಕಿನದು, ಅಂಡಾಕಾರದ್ದು, ಬಣ್ಣ ಗಾಢವಾದ ಹಸುರು. ಒಂದಂಗುಲದಷ್ಟು ದಪ್ಪದ ಗೋಡೆ. ತೂಕವೋ ಎಪ್ಪತ್ತು ಕಿಲೋಗ್ರಾಮುಗಳಿಗೆ ಮೇಲ್ಪಟ್ಟು. ಮೇಲರ್ಧವು ಕೀಲಿನ ಆಧಾರದಿಂದ ಮುಚ್ಚಳದಂತೆ ತೆರೆದುಕೊಳ್ಳುತ್ತದೆ; ಬುಡದಲ್ಲಿ ಗಾಳಿ ಒಳಹೊಗುವ ಸಣ್ಣ ಜಾರುಬಾಗಿಲು, ನೆತ್ತಿಯಲ್ಲಿ ಹೊಗೆ ಹೊರಹೋಗುವ ಕಿಂಡಿ; ಇವೆರಡರ ನಡುವಣ ಹೊಂದಾಣಿಕೆಯೇ ಆ ಯಂತ್ರದ ಸಮಸ್ತ ರಹಸ್ಯ. ಇದರ ಮೂಲಪುರುಷನು ಜಪಾನಿನವನು. ಅಲ್ಲಿನ ಅಡುಗೆಮನೆಯ ಮಣ್ಣೊಲೆಗೆ ಕಮಾಡೊ ಎಂದು ಹೆಸರು. ನಿಂತೋಕು ಎಂಬ ಪ್ರಾಚೀನ ಚಕ್ರವರ್ತಿಯೊಬ್ಬನು ಎತ್ತರದ ಸ್ಥಳದಲ್ಲಿ ನಿಂತು ನಾಡನ್ನು ಅವಲೋಕಿಸಲು, ಪ್ರಜೆಗಳ ಕಮಾಡೊಗಳಿಂದ ಹೊಗೆಯೇಳದಿರುವುದು ಕಂಡಿತಂತೆ. ಒಲೆ ಹೊತ್ತದ ಮನೆಯಲ್ಲಿ ಉಣ್ಣಲು ಏನಿದ್ದೀತೆಂದು ಮರುಗಿ ಮೂರು ವರುಷಗಳ ಕಂದಾಯವನ್ನು ಮಾಫಿ ಮಾಡಿ, ಅರಮನೆಯ ಮಾಡು ಸೋರಿದರೂ ಹೊದಿಸದೆ ಇದ್ದನಂತೆ. ಹೊಗೆಯನ್ನು ನೋಡಿ ರಾಜ್ಯಭಾರ ಮಾಡಿದ ಆ ಅರಸನ ಐತಿಹ್ಯ ನನಗೆ ಬಹಳ ಪ್ರಿಯವಾದುದು. ಮಿನಿಯಾಪೊಲಿಸಿನ ಚಳಿಗಾಲದ ಬೆಳಗಿನಲ್ಲಿ ಮಾತ್ರ ಅವನು ದಾರಿತಪ್ಪುತ್ತಿದ್ದನು. ಅಲ್ಲಿ ಪ್ರತಿಯೊಂದು ಮನೆಯ ಕೊಳವೆಯಿಂದಲೂ ಬೆಳ್ಳನೆಯ ಹಬೆ ಅವ್ಯಾಹತವಾಗಿ ಏಳುತ್ತಿರುತ್ತದೆ. ಅದು ಮನೆಯನ್ನು ಬೆಚ್ಚಗಿಡುವ ಅನಿಲಯಂತ್ರದ ಉಸಿರು. ಒಳಗೆ ಯಾರೂ ಅನ್ನಕ್ಕೆ ಎಸರಿಟ್ಟಿರಬೇಕಾದ ಅಗತ್ಯವಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಯೋಧರು ಅನ್ನ ಬೇಯಿಸುವ ದುಂಡನೆಯ ಮಣ್ಣೊಲೆಗಳಿಗೆ ಮಾರುಹೋಗಿ ಅವುಗಳನ್ನು ಊರಿಗೆ ಸಾಗಿಸಿದರು. ಎಡ್ ಫಿಶರ್ ಎಂಬಾತನು 1974ರಲ್ಲಿ ಅಟ್ಲಾಂಟ ನಗರದಲ್ಲಿ ಇಂಥ ಒಲೆಗಳ ಅಂಗಡಿಯನ್ನು ತೆರೆದನು. ಬಿಗ್ ಗ್ರೀನ್ ಎಗ್ ಎಂದು ಪ್ರಖ್ಯಾತವಾದುದು ಅವನದೇ ಸಂತಾನ. ಮೊದಮೊದಲಿನ ಮಣ್ಣೊಲೆಗಳು ಬಿರಿಯುತ್ತಿದ್ದುದರಿಂದ ಮುಂದೆ ಗಟ್ಟಿಯಾದ ಸೆರಾಮಿಕ್ ಬಳಕೆಗೆ ಬಂದಿತು. ಬೇಸಗೆಯ ಬೇಗೆಗೆ ಹೆಸರಾದ ದಕ್ಷಿಣದ ಪಟ್ಟಣದಲ್ಲಿ ಹುಟ್ಟಿದ ವಸ್ತುವು ಉತ್ತರದ ಹಿಮದಲ್ಲಿ ತನ್ನ ನಿಜವಾದ ಪರಾಕ್ರಮವನ್ನು ತೋರುವುದು ಒಂದು ಚೋದ್ಯವೇ.

ಆ ಪರಾಕ್ರಮದ ಮೊದಲ ಅಧ್ಯಾಯವೇ ಹೊತ್ತಿಸುವಿಕೆ. ಮಗನು ಆಧುನಿಕನಾದುದರಿಂದ ಗುಂಡಿಯೊತ್ತಿದರೆ ಜ್ವಾಲೆಯುಗುಳುವ ಉದ್ದನೆಯ ಲೈಟರನ್ನು ಹಿಡಿದು ಹೊರಗೆ ಹೋಗುತ್ತಾನೆ. ಶೂನ್ಯದ ಕೆಳಗೆ ಇಪ್ಪತ್ತು ಡಿಗ್ರಿಯಲ್ಲಿ ಅದು ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆಯೇ ಹೊರತು ಉರಿಯುವುದಿಲ್ಲ. ಅದರೊಳಗಣ ಬ್ಯುಟೇನ್ ಎಂಬ ದ್ರವವು ಶೂನ್ಯದ ಆಸುಪಾಸಿನಲ್ಲಿ ಕುದಿದು ಅನಿಲವಾಗತಕ್ಕದ್ದು. ಅದಕ್ಕಿಂತ ಕೆಳಗಿನ ಚಳಿಯಲ್ಲಿ ಅದು ದ್ರವವಾಗಿಯೇ ಉಳಿದುಬಿಡುತ್ತದೆ. ಆಗ ನಾನು ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆಯನ್ನು ತೆಗೆದು ಕಡ್ಡಿ ಗೀರುವಾಗ ನನ್ನ ಮುಖದಲ್ಲಿ ತೋರುವ ಪ್ರಸನ್ನತೆಯನ್ನು ಅವನು ನೋಡಿಯೂ ನೋಡದವನಂತಿರುತ್ತಾನೆ. ನೆರೆಮನೆಯವರ ಅನಿಲದ ಒಲೆಯ ಅವಸ್ಥೆಯೂ ಇಂಥದೇ. ಅದರ ಪ್ರೊಪೇನ್ ಶೂನ್ಯದ ಕೆಳಗಣ 42 ಡಿಗ್ರಿಯವರೆಗೆ ಕುದಿಯಬಲ್ಲುದಾದರೂ, ಚಳಿ ಏರಿದಂತೆಲ್ಲ ಸಿಲಿಂಡರಿನ ಒತ್ತಡ ಕುಗ್ಗಿ ಉರಿಯು ಬಡವಾಗುತ್ತದೆ. ಇದ್ದಿಲಿಗೆ ಇಂಥ ಯಾವ ಸಂಕಟವೂ ಇಲ್ಲ. ಅದು ಘನಪದಾರ್ಥ, ಚಳಿಯಲ್ಲಿ ಮತ್ತೇನಾಗಿ ಘನೀಭವಿಸಬೇಕು?

ನನಗೆ ಅತ್ಯಂತ ವಿಸ್ಮಯವನ್ನುಂಟುಮಾಡಿದುದು ಇದರ ಮುಂದಿನ ಸಂಗತಿ. ಚಳಿಯಲ್ಲಿ ಒಲೆಗೆ ಹೆಚ್ಚು ಗಾಳಿ ಕೊಡಬೇಕಾದೀತೆಂದು ಯಾರಾದರೂ ಊಹಿಸುವರಷ್ಟೆ. ಆದರೆ ಚಿಮಣಿಯ ಸೆಳೆತವು ನಿಂತಿರುವುದು ಒಳಗಣ ಬಿಸಿಗಾಳಿಗೂ ಹೊರಗಣ ತಣ್ಗಾಳಿಗೂ ಇರುವ ಭಾರದ ಅಂತರದ ಮೇಲೆ. ಶೂನ್ಯದ ಕೆಳಗೆ 20 ಡಿಗ್ರಿಯ ಗಾಳಿಯು ನಮ್ಮೂರಿನ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡ 18ರಷ್ಟು ಸಾಂದ್ರವಾದುದು. ಒಳಗೆ 110 ಡಿಗ್ರಿಯ ಶಾಖವಿದ್ದಲ್ಲಿ ಸೆಳೆತದ ಬಲವು ಬೇಸಗೆಗಿಂತ ಇಮ್ಮಡಿಗೆ ತುಸು ಕಡಮೆಯಷ್ಟಾಗುತ್ತದೆಂದು ಲೆಕ್ಕಹಾಕಿ ತಿಳಿಯಬಹುದು. ಅಂದರೆ ತಣ್ಣನೆಯ ಗಾಳಿಯು ತಾನಾಗಿ ಬುಡದ ಬಾಗಿಲನ್ನು ನೂಕಿಕೊಂಡು ಬಂದು ಕೆಂಡವನ್ನು ಊದುತ್ತದೆ. ಊದುಗೊಳವೆಯ ಚಾಕರಿಯನ್ನು ಚಳಿಯೇ ವಹಿಸಿಕೊಳ್ಳುತ್ತದೆ. ಪಾಪ ಚಳಿಯೆಂದು ಕನಿಕರಪಟ್ಟು ಬಾಗಿಲನ್ನು ಅಗಲವಾಗಿ ತೆರೆದಿಟ್ಟವನು ಕೆಟ್ಟನೆಂದೇ ತಿಳಿಯಬೇಕು. ಕೋಪಗೊಂಡ ದಪ್ಪ ಗೋಡೆಯನ್ನು ಸಮಾಧಾನಪಡಿಸುವುದು ಸುಲಭವಲ್ಲ. ಏರಿದ ಶಾಖವು ಗಂಟೆಗಟ್ಟಲೆ ಇಳಿಯಲೊಲ್ಲದು. ಅದರಲ್ಲೂ ಬಯಲಿನ ಮೇಲಿಂದ ಬೀಸಿ ಬರುವ ಗಾಳಿಯು ಬುಡದ ಬಾಗಿಲಿಗೆ ನೇರವಾಗಿ ಎದುರಾದ ದಿನ ಬೆರಳಿನ ಅಗಲದ ಸಂದೂ ಅತಿಯೆನಿಸುತ್ತದೆ.

ಹಾಗೆಂದು ಆತುರವೂ ಸಲ್ಲದು. ಹಿಂದಿನ ದಿನಗಳ ಹಬೆಯನ್ನೂ ಹಿಮವನ್ನೂ ಕುಡಿದ ಸೆರಾಮಿಕ್ಕಿನ ಸೂಕ್ಷ್ಮರಂಧ್ರಗಳಲ್ಲಿ ನೀರು ಅಡಗಿರಬಹುದು. ನೀರು ಹೆಪ್ಪುಗಟ್ಟುವಾಗ ಶೇಕಡ ಒಂಬತ್ತರಷ್ಟು ಹಿಗ್ಗುವುದು ಎಲ್ಲರೂ ಬಲ್ಲ ವಿಷಯ. ಅಂಥ ಗೋಡೆಗೆ ಒಮ್ಮೆಲೇ ಪ್ರಚಂಡವಾದ ಉರಿಯನ್ನು ತಗುಲಿಸಿದರೆ ಒಳಮೈ ಹಿಗ್ಗುತ್ತಿರಲು ಹೊರಮೈ ಮುದುಡಿಯೇ ಇದ್ದು, ನಡುವೆ ಬಿರುಕು ಹುಟ್ಟೀತು. ಆದುದರಿಂದ ಸಣ್ಣ ಕಿಚ್ಚಿನಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಎಪ್ಪತ್ತು ಕಿಲೋಗ್ರಾಮಿನ ಮಣ್ಣನ್ನು ಹಿಮಬಿಂದುವಿನ ಅಷ್ಟು ಕೆಳಗಿನಿಂದ ಎಬ್ಬಿಸುವುದಕ್ಕೆ ಬೇಸಗೆಗಿಂತ ಸ್ಥೂಲವಾಗಿ ಒಂದೂವರೆ ಪಟ್ಟು ಶಾಖ ಬೇಕು. ಒಮ್ಮೆ ಎದ್ದು ಕುಳಿತಿತೆಂದರೆ ಮುಂದೆ ಅದಕ್ಕೆ ಬೇಕಾಗುವ ಇದ್ದಿಲು ಅತ್ಯಲ್ಪ.

ಮುಚ್ಚಳದ ಕಥೆ ಬೇರೆ. ಎರಡು ಅರ್ಧಗಳ ಅಂಚಿನಲ್ಲಿ ಫೆಲ್ಟಿನ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಅಡುಗೆಯ ಹಬೆಯು ಅದರಲ್ಲಿ ಇಳಿದು, ರಾತ್ರಿ ಹೆಪ್ಪುಗಟ್ಟಿ, ಮಾರನೆಯ ಸಲ ಮುಚ್ಚಳವು ಬುಡಕ್ಕೆ ಬೆಸೆದಂತೆ ಕಚ್ಚಿಕೊಂಡಿರುತ್ತದೆ. ಬಲಪ್ರಯೋಗ ಮಾಡಿದವನ ಕೈಗೆ ಹರಿದ ಫೆಲ್ಟು ಬಂದೀತು. ಬಲ್ಲವರು ಬುಡದ ಬಾಗಿಲಿನಿಂದ ಸಣ್ಣ ಕಿಡಿಯೊಂದನ್ನು ಒಳಗಿಟ್ಟು, ಹಿಂದಿನ ಸಲ ಉಳಿದ ಇದ್ದಿಲು ಹೊತ್ತಿಕೊಂಡು ಒಳಗಿನಿಂದ ಬೆಚ್ಚಗಾಗುವವರೆಗೆ ಕಾಯುತ್ತಾರೆ. ನಮ್ಮ ಮನೆಯಲ್ಲಿ ಸೊಸೆಯು ತಲೆಗೂದಲು ಒಣಗಿಸಿಕೊಳ್ಳುವ ಯಂತ್ರವನ್ನು ಉದ್ದನೆಯ ತಂತಿಯ ಸಹಾಯದಿಂದ ಹಿತ್ತಲಿಗೆ ತರಿಸಿ, ಆ ಹಸುರು ಅಂಡದ ಸುತ್ತ ಆರತಿಯೆತ್ತುವಂತೆ ಬಿಸಿಗಾಳಿ ಹಿಡಿಸುವ ಸಂಪ್ರದಾಯ ಬೆಳೆದಿದೆ. ನೋಡುವವರಿಗೆ ಹಾಸ್ಯವೆನಿಸಬಹುದು, ಫಲ ಮಾತ್ರ ಅಮೋಘ.

ಇಷ್ಟೆಲ್ಲ ಶುಶ್ರೂಷೆ ಮಾಡಿಸಿಕೊಂಡ ಒಲೆಯು ಪ್ರತಿಯಾಗಿ ಏನು ಕೊಡುತ್ತದೆ? ಅಡುಗೆಗೆ ಎಲ್ಲವನ್ನೂ, ಅಡುಗೆಯವನಿಗೆ ಏನನ್ನೂ ಇಲ್ಲ. ನನ್ನ ಹಳೆಯ ತಕರಾರು ಇದೇ. ನಮ್ಮ ಮನೆಯ ಅಗ್ಗಿಷ್ಟಿಕೆ, ಮೂರು ಕಾಲಿನ ಆ ಕಬ್ಬಿಣದ ಬಡಪಾಯಿ, ಯಾವುದನ್ನೂ ನೆಟ್ಟಗೆ ಬೇಯಿಸಿದ್ದಿಲ್ಲ. ಒಂದು ಕಡೆ ಕರಿಕಾದರೆ ಇನ್ನೊಂದು ಕಡೆ ಹಸಿ. ಅದರೊಳಗಿನ ಶಾಖವೆಲ್ಲ ಸುತ್ತ ಕುಳಿತವರ ಅಂಗೈಗಳಿಗೂ ಅಜ್ಜಿಯ ಮೊಣಕಾಲುಗಳಿಗೂ ಮೆಲ್ಲನೆ ಬಂದು ಮಲಗಿದ ಬೆಕ್ಕಿಗೂ ಹಂಚಿಹೋಗುತ್ತಿತ್ತು. ಬಚ್ಚಲೊಲೆಯಾದರೂ ಅಷ್ಟೆ. ಹಂಡೆಯ ನೀರು ಕಾಯುವುದು ನೆಪ. ಶ್ರಾವಣದ ಜಡಿಮಳೆಯಲ್ಲಿ ಕಂಬಳಿಕೊಪ್ಪೆಗಳನ್ನು ಒಣಹಾಕುವುದು, ಬೂದಿಯಲ್ಲಿ ಹಲಸಿನ ಬೀಜಗಳನ್ನು ಹೂಳುವುದು, ಊರ ಸಮಾಚಾರವನ್ನೆಲ್ಲ ಅಲ್ಲಿಯೇ ಹರಡಿಕೊಳ್ಳುವುದು, ಇವೇ ಅದರ ಮುಖ್ಯ ಉದ್ಯೋಗಗಳು. ಈ ಸೆರಾಮಿಕ್ ಮಹಾಶಯನಾದರೋ ತನ್ನ ಹೊಟ್ಟೆಯಲ್ಲಿ ಕೆಂಡದ ರಾಶಿಯನ್ನಿಟ್ಟುಕೊಂಡು ನಾಲ್ಕು ಮೊಳ ದೂರದಲ್ಲಿ ನಡುಗುತ್ತಿರುವವನ ಕಡೆಗೆ ಒಂದು ಕಿರಣವನ್ನೂ ಕಳುಹಿಸುವುದಿಲ್ಲ. ಒಳಗೆ 110 ಡಿಗ್ರಿಯ ಸಾವಧಾನದ ಶಾಖವಿರುವಾಗ ಬುಡದ ಹೊರಮೈ ಬರಿಯ ಉಗುರುಬೆಚ್ಚಗೆ. ಯಾವ ಗುಣದಿಂದ ಅದು ಹಿಮವನ್ನು ಲೆಕ್ಕಿಸದೆ ಹದಿನೈದು ಗಂಟೆಗಳ ಕಾಲ ಒಂದೇ ಹದದಲ್ಲಿ ಉರಿಯಬಲ್ಲುದೋ ಅದೇ ಗುಣದಿಂದ ಅದು ನಿರ್ದಯಿ. ಇಂಜಿನಿಯರನು ಇದನ್ನು ಪರಿಪೂರ್ಣತೆಯೆಂದು ಕರೆಯುತ್ತಾನೆ. ಚಳಿಯಲ್ಲಿ ನಿಂತ ಮುದುಕನಿಗೆ ಬೇರೆ ಮಾತುಗಳು ತೋಚುತ್ತವೆ.

ಅಡುಗೆಯ ವಿಷಯದಲ್ಲಿ ಮಾತ್ರ ತಕರಾರೆತ್ತುವಂತಿಲ್ಲ. ಗಾಳಿಯ ಸಂಚಾರ ಅಲ್ಪವಾದುದರಿಂದ ಪದಾರ್ಥದ ತೇವ ಹಾರಿಹೋಗುವುದಿಲ್ಲ; ನಾಲ್ಕು ಕಡೆಯ ಗೋಡೆಗಳಿಂದಲೂ ಶಾಖವು ಸಮನಾಗಿ ಸೂಸುತ್ತದೆ. ಕೆಂಡದ ಮೇಲೆಯೇ ಸುಟ್ಟ ಬದನೆಕಾಯಿಯು ಸಿಪ್ಪೆ ಕರಿಕಾಗಿ, ಒಳತಿರುಳು ಬೆಣ್ಣೆಯಾಗಿ ಹೊರಬಂದುದನ್ನು ಹುಳಿ, ಬೆಲ್ಲ, ಹಸಿಮೆಣಸುಗಳೊಂದಿಗೆ ಕಿವುಚಿ ಒಗ್ಗರಣೆ ಕೊಟ್ಟರೆ, ಅನಿಲದ ಒಲೆಯ ಗೊಜ್ಜುಗಳಲ್ಲಿ ನಾವು ಕಳೆದುಕೊಂಡದ್ದು ಏನೆಂಬುದು ಮೊದಲ ತುತ್ತಿಗೇ ತಿಳಿಯುತ್ತದೆ. ಸಿಹಿಗೆಣಸಿನ ಮಾತನ್ನು ನಾನು ಆಡುವುದೇ ಇಲ್ಲ; ಅದನ್ನು ಮೊಮ್ಮಗನು ಬೇರೆಯವರಿಗೆ ಉಳಿಸಿದರಲ್ಲವೆ?

ಮಗನ ಸ್ನೇಹಿತರೊಬ್ಬರು ಕೊಡಗಿನವರು. ಅವರು ಊರಿನಿಂದ ತರಿಸಿದ ಕಾಚಂಪುಳಿಯ ಸೀಸೆಯನ್ನು ಬೀರುವಿನಲ್ಲಿ ಬೀಗ ಹಾಕಿಡುವಷ್ಟು ಜೋಪಾನದಿಂದ ಕಾಯುವರು. ಹಂದಿಯ ಭುಜದ ಮಾಂಸವನ್ನು ಸಂಜೆ ಒಲೆಯೊಳಗೆ ಸೇರಿಸಿ, ರಾತ್ರಿಯಿಡೀ ಬೇಯಲು ಬಿಟ್ಟು, ಮಧ್ಯಾಹ್ನದ ಊಟಕ್ಕೆ ತೆಗೆದು, ಆ ಕಪ್ಪು ಹುಳಿಯನ್ನೂ ಹುರಿದ ಮೆಣಸುಕಾಳಿನ ಪುಡಿಯನ್ನೂ ಸೇರಿಸುವುದು ಅವರ ವಿಧಾನ. ಪಂದಿಕರಿಯ ಶಾಸ್ತ್ರಜ್ಞರು ಇದನ್ನು ಒಪ್ಪುವರೋ ಒಪ್ಪರೋ ನಾನರಿಯೆ; ಊಟಕ್ಕೆ ಕುಳಿತವರಾರೂ ಶಾಸ್ತ್ರವನ್ನೆತ್ತಲಿಲ್ಲ. ಅವರಿಂದ ನಾನೊಂದು ವಿಚಿತ್ರವನ್ನು ತಿಳಿದೆನು. ಮಾಂಸದ ಒಳಶಾಖವು 70 ಡಿಗ್ರಿಯ ಸಮೀಪಕ್ಕೆ ಬಂದು ಗಂಟೆಗಟ್ಟಲೆ ಅಲ್ಲಿಯೇ ನಿಂತುಬಿಡುತ್ತದೆ. ಹೊಸಬರು ಗಾಬರಿಗೊಂಡು ಒಲೆ ಆರಿತೇ ಎಂದು ಮುಚ್ಚಳ ತೆರೆಯುತ್ತಾರೆ. ಒಲೆ ಚೆನ್ನಾಗಿಯೇ ಇರುತ್ತದೆ. ಮಾಂಸದ ಮೈಯಿಂದ ನೀರು ಆವಿಯಾಗುತ್ತಾ, ಬೆವರಿದ ದೇಹವು ತಂಪಾಗುವ ನಿಯಮದಂತೆಯೇ ಅದನ್ನು ತಣಿಸುತ್ತಿರುತ್ತದೆ. ಆ ನೀರು ಮುಗಿಯುವವರೆಗೆ ಮನುಷ್ಯನು ಮಾಡಬಹುದಾದ ಉತ್ತಮ ಕಾರ್ಯವೆಂದರೆ ಏನನ್ನೂ ಮಾಡದಿರುವುದು.

ಮುಚ್ಚಳ ತೆರೆಯುವುದರಲ್ಲಿಯೂ ಒಂದು ಮರ್ಯಾದೆಯುಂಟು. ಗಾಳಿಯ ಅಭಾವದಲ್ಲಿ ಮಂಕಾಗಿ ಕುಳಿತ ಕೆಂಡಕ್ಕೆ ಏಕಾಏಕಿ ಹೊರಗಾಳಿ ನುಗ್ಗಿದರೆ ಜ್ವಾಲೆಯು ಫಕ್ಕನೆ ಮೇಲೆದ್ದು ಹುಬ್ಬುಗಳನ್ನು ಆಹುತಿ ತೆಗೆದುಕೊಳ್ಳುತ್ತದೆ. ಮೊದಲು ಎರಡು ಬೆರಳಿನಷ್ಟು ಎತ್ತಿ, ಕೊಂಚ ತಡೆದು, ಅದು ಉಸಿರಾಡಿಕೊಂಡ ಮೇಲೆಯೇ ಪೂರ್ತಿ ತೆರೆಯತಕ್ಕದ್ದು. ಇನ್ನು ಚಳಿ ತಾಳಲಾರದೆ ಈ ಒಲೆಯನ್ನು ಕಾರಿನ ಮನೆಯೊಳಗೆ ಎಳೆದುಕೊಳ್ಳುವ ದುರ್ಬುದ್ಧಿ ಕೆಲವರಿಗೆ ಬರುವುದುಂಟು. ಇದ್ದಿಲು ಉರಿಯುವಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯನನ್ನು ನಿದ್ದೆಯಲ್ಲಿಯೇ ಮುಗಿಸಬಲ್ಲುದು. ನಮ್ಮ ಹಳೆಯ ಮನೆಗಳ ಹಂಚಿನ ಸಂದುಗಳೂ ಮುಚ್ಚದ ಗವಾಕ್ಷಗಳೂ ಅಗ್ಗಿಷ್ಟಿಕೆಯ ವಿಷಯದಲ್ಲಿ ಎಷ್ಟು ದಯಾಪರವಾಗಿದ್ದುವೆಂಬುದು ಬಿಗಿಯಾಗಿ ಮುಚ್ಚಿದ ಆ ದೇಶದ ಮನೆಗಳನ್ನು ಕಂಡ ಮೇಲೆ ನನ್ನ ಅರಿವಿಗೆ ಬಂದಿತು.

ಈಗ ಒಂದು ಹೊಸ ಉಪದ್ರವ ಬಂದಿದೆ. ಮಾಂಸದೊಳಗೆ ಒಂದು, ಜಾಲರಿಯ ಮೇಲೆ ಒಂದು ಎಂದು ತಂತಿಯ ಶಲಾಕೆಗಳನ್ನಿಟ್ಟು, ಬುಡದ ಬಾಗಿಲಿಗೆ ಅಂಗೈಯಗಲದ ಬೀಸಣಿಗೆಯ ಯಂತ್ರವನ್ನು ಜೋಡಿಸಿದರೆ, ಶಾಖ ಇಳಿದಾಗ ಅದೇ ಗಾಳಿಯೂದಿ, ಏರಿದಾಗ ಅದೇ ಸುಮ್ಮನಾಗಿ, ಸಮಸ್ತ ವೃತ್ತಾಂತವನ್ನೂ ಮೊಬೈಲಿಗೆ ವರದಿ ಮಾಡುತ್ತದೆ. ಮಗನು ಅದನ್ನು ತರಿಸಿದ ದಿನದಿಂದ, ಹಿತ್ತಲಿಗೆ ಹೋಗಲು ನನಗೆ ಇದ್ದ ಯೋಗ್ಯವಾದ ಕಾರಣಗಳೆಲ್ಲ ಒಂದೊಂದಾಗಿ ಉದುರತೊಡಗಿದುವು. ಐದು ತಿಂಗಳ ಕಾಲ ಜೋಡಿಗಾಜಿನ ಕಿಟಕಿಗಳ ಹಿಂದೆ ಕುಳಿತಿರಬೇಕಾದ ಮುದುಕನಿಗೆ ಹೊರಗೆ ಹೋಗುವ ಕಾರಣವೆಂಬುದು ಎಷ್ಟು ಬೆಲೆಯುಳ್ಳ ವಸ್ತುವೆಂದು ಯಂತ್ರ ಮಾಡುವವರಿಗೆ ಹೇಗೆ ತಿಳಿಯಬೇಕು? ಒಲೆಯು ಬೆಚ್ಚಗೆ ಮಾಡದಿದ್ದರೆ ಹೋಗಲಿ. ಹಿಮದ ಮೇಲೆ ಬೂಟಿನ ಕಿರುಗುಟ್ಟುವಿಕೆ, ಮೂಗಿನೊಳಗಣ ರೋಮಗಳೂ ಸೆಟೆದು ನಿಲ್ಲುವ ಆ ಗಾಳಿ, ಬೇಲಿಯಾಚೆಯವರ ಕೈಬೀಸು, ಇವನ್ನು ಒಲೆಯ ನೆಪವಿಲ್ಲದೆ ಕೇಳಿ ಪಡೆಯುವುದು ಹೇಗೆ?

ಆದುದರಿಂದ ನಾನು ಈಗ ಹೊಗೆಯ ಪಕ್ಷವನ್ನು ಹಿಡಿದಿದ್ದೇನೆ. ಇದ್ದಿಲು ಹೊತ್ತಿಕೊಳ್ಳುವ ಆರಂಭದಲ್ಲಿ ಏಳುವ ದಟ್ಟವಾದ ಬಿಳಿಯ ಹೊಗೆಯು ಅಡುಗೆಗೆ ಕಹಿಯನ್ನು ತರುತ್ತದೆ. ಅದು ತೆಳ್ಳಗಾಗಿ, ಕಂಡೂ ಕಾಣದಂಥ ನೀಲಿಗೆ ತಿರುಗಿದ ಮೇಲೆಯೇ ಪದಾರ್ಥವನ್ನು ಒಳಗಿಡತಕ್ಕದ್ದು. ಇದು ಸತ್ಯವಾದ ಶಾಸ್ತ್ರ. ಮಗನ ಯಂತ್ರಕ್ಕೆ ತಿಳಿಯದ ಶಾಸ್ತ್ರ. ಮೊನ್ನೆ ಸೊಸೆಯು ಮೊಬೈಲನ್ನು ನೋಡಿ, ಎಲ್ಲವೂ ಸರಿಯಾಗಿದೆ ಮಾವ, ನೂರ ಹತ್ತು ತೋರಿಸುತ್ತಿದೆ, ಇಷ್ಟು ಚಳಿಯಲ್ಲಿ ಎಲ್ಲಿಗೆ ಹೊರಟಿರಿ ಎಂದು ತಡೆದಳು. ಹೊಗೆಯ ಬಣ್ಣವನ್ನು ಅದು ಹೇಳುವುದೇ ಎಂದು ಗಂಭೀರವಾಗಿ ಕೇಳಿದೆನು. ಅವಳು ನಿರುತ್ತರಳಾದಳು. ಅಷ್ಟರಲ್ಲಿ ಮೊಮ್ಮಗನು, ಜಗಲಿಯ ಕಂಬಕ್ಕೊಂದು ಕ್ಯಾಮೆರಾ ಹಾಕಿಸಿದರಾಯಿತು, ಅಜ್ಜ ಒಳಗಿನಿಂದಲೇ ಬಣ್ಣ ನೋಡಬಹುದು ಎಂದು ಸೂಚಿಸಿದನು. ಕ್ಯಾಮೆರಾಕ್ಕೆ ಮೂಗಿಲ್ಲವಲ್ಲ ಎಂದು ಹೇಳಿ, ಅವನಿಗೆ ಇನ್ನೊಂದು ಉಪಾಯ ಹೊಳೆಯುವುದರೊಳಗಾಗಿ ಎರಡನೆಯ ಬೂಟನ್ನೂ ಏರಿಸಿಕೊಂಡು ಬಾಗಿಲನ್ನು ದಾಟಿದೆನು.